ಮುಖವಾಡದ ಒಳಗಿದ್ದವರು

ಸಾಗರದಿಂದ ತೀರ್ಥಹಳ್ಳಿಗೆ ಹೊರಟ ನಮ್ಮ ಬಸ್ಸು ಹೊಸನಗರದಲ್ಲಿ ನಿಂತಿತ್ತು. ಜೊತೆಗೆ ಬಂದಿದ್ದ ಪಕ್ಕದ ಮನೆಯ ಶಾರದಕ್ಕನಿಗೆ ಮೊಬೈಲಿನಲ್ಲಿ ಜಪಾನಿನ ಒಂದು ಸೂಪರ್‌ಹೀರೋ ಧಾರಾವಾಹಿಯನ್ನೂ ಅದರ ಅಮೆರಿಕದ ರೂಪವನ್ನೂ ತೋರಿಸುತ್ತಿದ್ದೆ. ಅಮೆರಿಕದ್ದರಲ್ಲೂ ಹೊಡೆದಾಟವೆಲ್ಲ ಜಪಾನಿನವರು ತೆಗೆದದ್ದೇ. ಮುಖವಾಡ ಕಳಚಿದಾಗ ಮಾತ್ರ ಅಮೆರಿಕದವರ ಮುಖ.

“ಮೈಮುರಿದು ಹೊಡೆದಾಡಿದ್ದು ಅವ್ರು, ಹೆಸ್ರು ಇವ್ರಿಗೆ. ನಾಚಿಕೆ ಇಲ್ದವ್ರು!” ಎಂದೆ.

ಅಷ್ಟರಲ್ಲಿ ನಾದಿನಿ ಬಸ್ಸು ಹತ್ತಿದಳು. ನನ್ನ ತೊಡೆಯ ಮೇಲಿನ ಭರಣಿ ನೋಡಿ, “ಅತ್ತಿಗೆ, ಹೋದ್ ವರ್ಷದ ಅಪ್ಪೆಮಿಡಿ ಉಪ್ಪಿನಕಾಯಿ ಏನ್ ಚೆನಾಗಿತ್ತು! ಇದೂ ನೀವೇ ಹಾಕಿದ್ದಾ?” ಎಂದಳು.

“ಹೂಂ, ಮತ್ತೆ!” ಅಂದುಬಿಟ್ಟೆ.

ಭರಣಿಯ ಬಾಯಿಗೆ ಕಟ್ಟಿದ್ದು ಶಾರದಕ್ಕನ ಸೀರೆಯ ತುಂಡು. ಉಪ್ಪಿನಕಾಯಿಯೂ ಅವಳ ಕೈಯದೇ, ಎರಡು ವರ್ಷವೂ.

ಶಾರದಕ್ಕ ಮೊಬೈಲಿನಿಂದ ಕಣ್ಣೆತ್ತದೆ ಮೆಲ್ಲಗೆ ಕೇಳಿದಳು: “ಅಲ್ಲ ಮಾರಾಯ್ತಿ, ಮುಖವಾಡದ ಒಳಗಿದ್ದವ್ರ ಹೆಸ್ರು ಕೊನೇಲಾದ್ರೂ ಹಾಕ್ತಾರಾ?”