ಅವ್ವನ ಇರಿವಿ ದಡಿ

ಗಜೇಂದ್ರಗಡದ ನಮ್ಮ ಮನೆಯ ಕೈಮಗ್ಗದಲ್ಲಿ ಅವ್ವ ನೇಯುವ ಒಂದು ಸೀರೆಗೆ "ಇರಿವಿ ದಡಿ" ಎಂದು ಹೆಸರು. ದಡಿ ಅಂದರೆ ಅಂಚು. ಅದರುದ್ದಕ್ಕೂ ಸಣ್ಣ ಕರಿ ಚುಕ್ಕಿಗಳು, ಬೆಲ್ಲದ ಡಬ್ಬಿ ಹುಡುಕಿಕೊಂಡು ಹೊರಟ ಇರುವೆಗಳ ಹಾಗೆ. ಹೆಸರಿಟ್ಟವಳೂ ಅವಳೇ. ಊರಿನ ಬೇರೆ ಯಾವ ಮಗ್ಗದಲ್ಲೂ ಆ ಹೆಸರಿನ ದಡಿ ಇರಲಿಲ್ಲ.

ಅವ್ವನ ಸೀರೆಗಳಿಗೆ ನಾನು ವೆಬ್‌ಸೈಟ್ ಮಾಡಿದಾಗ ಜಾಹೀರಾತಿನ ಕೆಲಸ ವಹಿಸಿಕೊಂಡವಳು ನರಗುಂದದ ನನ್ನ ಗೆಳತಿ. ರೋಣದ ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚು, ಒಂದೇ ಬುತ್ತಿ. ಅಂಗಡಿಗಳವರಿಗೆ ಇಂಥ ಜಾಹೀರಾತು ಹಾಕಿಕೊಡುವುದೇ ಅವಳ ಉದ್ಯೋಗ. ನಾವು ಆರಿಸಿಟ್ಟ ಶಬ್ದವನ್ನು ಯಾರಾದರೂ ಮೊಬೈಲಿನಲ್ಲಿ ಹುಡುಕಿದರೆ ಎಲ್ಲಕ್ಕಿಂತ ಮೇಲೆ ನಮ್ಮ ಸಾಲು ಕಾಣಿಸುತ್ತದೆ. ಅದನ್ನು ಒತ್ತಿದರೆ ಮಾತ್ರ ನಮ್ಮ ದುಡ್ಡು ಕಟ್ ಆಗುತ್ತದೆ.

ಮೊದಲ ವಾರ ಬೆಳಿಗ್ಗೆ ಹತ್ತಕ್ಕೇ ಆ ದಿನದ ಜಾಹೀರಾತಿಗೆಂದು ಇಟ್ಟ ದುಡ್ಡು ಖಾಲಿ, ಸೀರೆ ಮಾತ್ರ ಒಂದೂ ಹೋಗಲಿಲ್ಲ. ಒತ್ತುತ್ತಿದ್ದವರು ನಮ್ಮ ಬಳಗದವರೇ ಎಂದು ಆಮೇಲೆ ತಿಳಿಯಿತು. ನರೇಗಲ್ಲಿನ ಚಿಗವ್ವ ಫೋನ್ ಮಾಡಿ ಹೆಮ್ಮೆಯಿಂದ ಹೇಳಿದಳು: "ದಿನಾ ಚಹಾ ಕುಡಕೋತ ನಿಮ್ಮವ್ವನ ಸೀರಿ ನಾಕ ಸಲ ಒತ್ತತೀನವಾ. ಮ್ಯಾಲೇ ಇರಲಿ ಅಂತ." ಪ್ರೀತಿಗೂ ಬಿಲ್ಲು ಬರುತ್ತದೆ ಎಂದು ಅವಳಿಗೆ ಹೇಗೆ ಹೇಳುವುದು? ನಾನೂ ಗೆಳತಿಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳ ಜೊತೆ ಹಾಗೆ ನಕ್ಕಿದ್ದು ಈಗ ನೆನಪಾದರೆ ಮೈ ಉರಿಯುತ್ತದೆ.

"ಕಾಟನ್ ಸೀರೆ"ಯಂಥ ಶಬ್ದಗಳನ್ನೆಲ್ಲ ದೊಡ್ಡ ಅಂಗಡಿಗಳು ಹಿಡಿದು ಕೂತಿದ್ದವು. "ನಿಮ್ಮಲ್ಲೆ ಬರೂ ಹೆಣ್ಮಕ್ಕಳ ಬಾಯಾಗಿನ ಮಾತ ಬೇಕು," ಎಂದು ಗೆಳತಿಯೇ ಒಂದು ದಿನ ಮನೆಗೆ ಬಂದಳು. ಅವ್ವ ಮಗ್ಗ ನಿಲ್ಲಿಸಿ ಅವಳಿಗೆ ದಡಿಗಳ ಹೆಸರು ಒಂದೊಂದೇ ಹೇಳಿಕೊಟ್ಟಳು. ಗಿರಾಕಿಗಳಿಗೆ ತಾನು ಹೇಳುವ ಮಾತನ್ನೂ ಬಿಡಲಿಲ್ಲ: "ಸೀರಿ ಹರದ್ರೂ ಇರಿವಿ ಸಾಲ ಕಡಿಯಂಗಿಲ್ಲ." ಗೆಳತಿ ಎಲ್ಲವನ್ನೂ ಬರೆದುಕೊಂಡಳು. ಅವ್ವ ರೊಟ್ಟಿ ಬಡಿದು ಉಣಿಸಿ, ಹೋಗುವಾಗ ಉಡಿ ತುಂಬಿ ಒಂದು ಇರಿವಿ ದಡಿ ಸೀರೆಯನ್ನೂ ಕೊಟ್ಟಳು.

"ಇರಿವಿ ದಡಿ" ಎಂಬ ಶಬ್ದ ಹಾಕಿದ ಮೇಲೆ ನಮ್ಮ ನಸೀಬು ತೆರೆಯಿತು. ಅದನ್ನು ಹುಡುಕುವವರು ಕಡಿಮೆ, ಆದರೆ ಹುಡುಕಿ ಬಂದವರು ಬರಿಗೈಲಿ ಹೋಗುತ್ತಿರಲಿಲ್ಲ.

ವರ್ಷದೊಳಗೆ ಗಿರಾಕಿಗಳ ಫೋನುಗಳು ನಿಂತವು. ಕೇಳಿದರೆ ಗೆಳತಿ, "ಸೀಜನ್ ಇಲ್ಲ, ಸ್ವಲ್ಪ ತಡಿಯವಾ," ಎನ್ನುತ್ತಿದ್ದಳು. ಜಾಹೀರಾತಿನ ಪಾಸ್‌ವರ್ಡ್ ಅವಳ ಹತ್ತಿರವೇ ಇತ್ತು. ಅದನ್ನು ಕೇಳಿದರೆ ಸಂಶಯಪಟ್ಟ ಹಾಗಾದೀತೆಂದು ಬಿಟ್ಟುಬಿಟ್ಟೆ. ನನ್ನಂಥ ದಡ್ಡಿ ಮತ್ತೊಬ್ಬಳಿರಲಿಕ್ಕಿಲ್ಲ.

ಒಂದು ಮಧ್ಯಾಹ್ನ ಬೆಳವಣಕಿಯ ಹೆಣ್ಣುಮಗಳೊಬ್ಬಳು ಬಂದು ಚೀಲದಿಂದ ಸೀರೆ ತೆಗೆದು ಅವ್ವನ ಮುಂದೆ ಹಾಕಿದಳು. "ಒಂದ ನೀರಿಗೇ ಇರಿವಿ ಎಲ್ಲಾ ಹೋದೂರಿ. ಇರಿವಿ ದಡಿ ಅಂದ್ರ ನಿಮ್ಮ ಮಗ್ಗದ್ದ ಅಂತ ಹೆಸರ ನಂಬಿ ತರಿಸಿದ್ದೆ."

ಅವ್ವ, "ತಪ್ಪಾತವಾ, ನೂಲ ಚಲೋ ಇರಲಿಲ್ಲ ಕಾಣತೈತಿ," ಎಂದು ಕೈ ಮುಗಿದಳು. ಆಮೇಲೆ ಅಂಚು ತಿರುವಿ ನೋಡಿದಳು. ನೇಯ್ದ ಚುಕ್ಕಿ ಎರಡೂ ಬದಿಗೆ ಕಾಣುತ್ತದೆ. ಇದರ ಮುಂಬದಿಗೆ ಮಾಸಿದ ಕಲೆಗಳಾದರೂ ಇದ್ದವು, ಹಿಂಬದಿ ಪೂರಾ ಬೋಳು. ಬರೀ ಅಚ್ಚೊತ್ತಿದ ಬಣ್ಣ. "ಇದು ನಂದಲ್ಲ," ಎಂದಳು.

ಎಲ್ಲಿ ಕೊಂಡಿರಿ ಎಂದು ಕೇಳಿದ್ದಕ್ಕೆ ಆಕೆ ತನ್ನ ಮೊಬೈಲಿನಲ್ಲೇ "ಇರಿವಿ ದಡಿ" ಎಂದು ಹುಡುಕಿ ತೋರಿಸಿದಳು. ಮೇಲೆ ಒಂದೇ ಜಾಹೀರಾತು: "ಸೀರಿ ಹರದ್ರೂ ಇರಿವಿ ಸಾಲ ಕಡಿಯಂಗಿಲ್ಲ." ಅವ್ವನ ಮಾತು, ಅಕ್ಷರ ತಪ್ಪಿಲ್ಲ. ಒತ್ತಿದರೆ ನರಗುಂದದ ಒಂದು ಅಂಗಡಿ ತೆರೆಯಿತು, ಕೆಳಗೆ ಗೆಳತಿಯ ಫೋನ್ ನಂಬರು. ನಮ್ಮ ಸಾಲನ್ನು ಅವಳು ಯಾವಾಗಲೋ ನಿಲ್ಲಿಸಿಬಿಟ್ಟಿದ್ದಳು. ಅವಳ ದುಡ್ಡು ಹೋಗಲಿ ಎಂದು ಹೊಟ್ಟೆಯುರಿಗೆ ನಾನು ಇನ್ನೂ ಐದಾರು ಸಲ ಒತ್ತಿದೆ.

ಗೆಳತಿಗೆ ಫೋನ್ ಮಾಡಿ ಕೇಳಿದರೆ ಅವಳದು ಒಂದೇ ಮಾತು: "ಶಬ್ದಕ್ಕ ಯಾರರ ಮಾಲಕರ ಇರ್ತಾರೇನ? ಯಾರ ಬೇಕಾದ್ರೂ ಹಾಕಬಹುದು. ನಂಗೂ ಅಂಗಡಿ ನಡೀಬೇಕಲ್ಲ."

ನಿಯಮ ಹಾಗೇ ಇದ್ದೀತು. ಆದರೆ ಆ ಶಬ್ದ ಅವಳಿಗೆ ಸಂತೆಯಲ್ಲಿ ಸಿಕ್ಕಿದ್ದಲ್ಲ. ನಮ್ಮ ಮನೆಯಲ್ಲಿ ಉಂಡು, ಅವ್ವನ ಎದುರು ಕೂತು ಬರೆದುಕೊಂಡಿದ್ದು. ಇದು ದ್ರೋಹ. ಅವಳನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಇರಾದೆಯೂ ಇಲ್ಲ. ಅವಳನ್ನು ಮಗ್ಗದವರೆಗೆ ಕರೆತಂದವಳು ನಾನೇ ಎಂಬುದೂ ಮರೆಯುವುದಿಲ್ಲ.

ನನ್ನದೇ ಹೊಸ ಖಾತೆ, ಹೊಸ ಪಾಸ್‌ವರ್ಡ್ ಮಾಡಿಕೊಂಡು ನಾನೇ ಜಾಹೀರಾತು ಹಾಕಿದೆ. ಫೋನುಗಳು ಬರತೊಡಗಿದವು. ಆದರೆ ಅರ್ಧಕ್ಕರ್ಧ ಬೈಯುವವರೇ. ಬಣ್ಣ ಹೋದ ಸೀರೆಗಳೆಲ್ಲ ಅವ್ವನ ತಲೆಗೇ ಬಂದವು. ನಮ್ಮದಲ್ಲ ಎಂದರೆ, "ಹೆಸರ ನಿಮ್ಮದ ಐತೆಲ್ರಿ," ಎನ್ನುತ್ತಿದ್ದರು. ಫೋನ್ ರಿಂಗಾದರೆ ಅವ್ವನ ಕೈ ಮಗ್ಗದ ಮೇಲೆ ನಿಂತುಬಿಡುತ್ತಿತ್ತು.

ಮೊನ್ನೆ ಕೊಣ್ಣೂರಿನಿಂದ ಯಾರೋ ಕೇಳಿದರು. ನಾನು ಒಳಗಿದ್ದೆ, ಅವ್ವನೇ ಫೋನ್ ತೆಗೆದುಕೊಂಡಳು.

"ಇರಿವಿ ದಡಿ? ಇಲ್ರಿ, ಅಂಥದ್ದು ನಾವು ನೇಯೂದಿಲ್ಲ," ಎಂದಳು.

ಅವಳ ಎದುರಿಗಿದ್ದ ಮಗ್ಗದಲ್ಲಿ ಅದೇ ಸೀರೆ ಅರ್ಧ ನೇಯ್ದಾಗಿತ್ತು.