ನೀರು ಕುಡಿಯದ ಕುಂಡಗಳು

ನಮ್ಮ ಅತ್ತೆಗೆ ತೂತು ಬಿದ್ದ ಗಡಿಗೆ ಎಂದರೆ ಆಗುತ್ತಿರಲಿಲ್ಲ. ನಾನೋ, ತವರಿನಿಂದ ಬರುವಾಗ ಆ ತೂತನ್ನೇ ಕಟ್ಟಿಕೊಂಡು ಬಂದೆ.

ನನ್ನ ತವರು ತಡಸದ ಹತ್ತಿರ. ಹುಬ್ಬಳ್ಳಿ ಕಡೆಯ ಸಸಿ ವ್ಯಾಪಾರಿಗಳು ಅಲ್ಲಿ ರಸ್ತೆಯ ಮೇಲೇ ಸಿಗುತ್ತಿದ್ದರು, ಹಾಗಾಗಿ ಅಪ್ಪ ನೀರಿನ ಗಡಿಗೆಗಳ ಜೊತೆ ಹೂವಿನ ಕುಂಡಗಳನ್ನೂ ಮಾಡುತ್ತಿದ್ದ. ಎಪ್ಪತ್ತರ ದಶಕದ ಕೊನೆಗೆ ನನ್ನನ್ನು ಸವಣೂರ ಕಡೆಯ ಒಂದು ಹಳ್ಳಿಯ ಕುಂಬಾರರ ಮನೆಗೆ ಕೊಟ್ಟರು. ಇಲ್ಲಿ ಗಡಿಗೆ, ಮಗಿ, ನೀರು ತುಂಬಿಡುವ ದೊಡ್ಡ ಹರವಿ ಬಿಟ್ಟರೆ ಇನ್ನೊಂದು ಗೊತ್ತಿರಲಿಲ್ಲ. ಅಷ್ಟರಲ್ಲಿ ಸವಣೂರ ಸಂತೆಗೆ ಪ್ಲಾಸ್ಟಿಕ್ ಕೊಡಗಳು ಬಂದು ಕೂತಿದ್ದವು. ನಮ್ಮ ಹರವಿಗಳು ಹೋದ ಚಕ್ಕಡಿಯಲ್ಲೇ ಮನೆಗೆ ತಿರುಗಿ ಬರುತ್ತಿದ್ದವು.

"ಕುಂಡ ಮಾಡ್ರಿ. ನಮ್ಮಪ್ಪನ ಗಿರಾಕಿ ಇಲ್ಲಿಗೂ ಟೆಂಪೋ ತರ್ತಾನ" ಎಂದು ಗಂಡನಿಗೆ ಹೇಳಿದೆ. ಅವರು ತಿಗರಿ ತಿರುಗಿಸಿ ಅದರ ಮೇಲೆ ಒಂದು ಕುಂಡ ಎತ್ತಿ, ಹಸಿ ಇರುವಾಗಲೇ ತಳಕ್ಕೆ ಬೆರಳು ತೂರಿಸಿ ತೂತು ಮಾಡಿದರು. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರವನ್ನು ಕೆಳಗಿಟ್ಟರು.

"ಅದೇನ ಮಾಡಿದಿ?"

"ಕುಂಡ ಬೇ" ಎಂದರು ಗಂಡ. "ಹೂವಿನ ಗಿಡ ಹಚ್ಚೂದಕ್ಕ. ನೀರು ಹರದು ಹೋಗಾಕ ತೂತು ಬೇಕಲ್ಲ."

"ಗಡಿಗಿಗೆ ತೂತು ಹಾಕೂದು ಸುಡಗಾಡನ್ಯಾಗ" ಎಂದರು ಅತ್ತೆ. "ಹೆಣದ ಸುತ್ತ ತಿರಗೂ ಮುಂದ ಹಾಕತಾರ. ಮನಿಯಾಗ ಕುಂತು ಯಾರೂ ಹಾಕಿಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ಹೆಣ ಸುಡುವ ಮಂದಿ ಹೆಗಲ ಮೇಲೆ ನೀರಿನ ಗಡಿಗೆ ಹೊತ್ತು ತಿರುಗುವಾಗ, ಹಿಂದಿನವನು ಕಲ್ಲಿನಿಂದ ಅದಕ್ಕೆ ತೂತು ಹೊಡೆಯುತ್ತಾನೆ, ನೀರು ಸುರಿಯುತ್ತ ಹೋಗುತ್ತದೆ. ಆ ಗಡಿಗೆ ಹೋಗುತ್ತಿದ್ದುದು ನಮ್ಮ ಮನೆಯಿಂದಲೇ. ಆದರೆ ಹೊಟ್ಟೆಯ ಪ್ರಶ್ನೆ ದೊಡ್ಡದು. ಒಂದು ವಾರ ಮುಖ ಗಂಟು ಹಾಕಿಕೊಂಡಿದ್ದು, ಕೊನೆಗೆ ಅತ್ತೆ ಒಂದು ಕರಾರಿನ ಮೇಲೆ ಒಪ್ಪಿದರು. ಕುಂಡಗಳನ್ನು ಬೇಕಾದರೆ ಸುಡಿರಿ, ಅವಕ್ಕೆ ನೀರು ಮಾತ್ರ ಕುಡಿಸಕೂಡದು.

ನೀರು ಕುಡಿಸುವುದೆಂದರೆ ಆ ಮನೆಯ ಪದ್ಧತಿ. ಗಡಿಗೆ ಸುಡುವ ಆವಿಗೆ ಬಿಚ್ಚಿದ ಕೂಡಲೇ, ಗಡಿಗೆಗಳು ಇನ್ನೂ ಬೆಚ್ಚಗಿರುವಾಗಲೇ, ಅತ್ತೆ ಒಂದೊಂದನ್ನೂ ಬಾವಿಯ ನೀರಿನಿಂದ ಕಂಠದವರೆಗೆ ತುಂಬುತ್ತಿದ್ದರು. ಮಣ್ಣು ಸುಂಯ್ ಎಂದು ಹೀರುತ್ತಿತ್ತು. ಸಂಜೆ ಆ ನೀರು ಚೆಲ್ಲಿ ಬೋರಲು ಹಾಕುವುದು. "ಬೆಂಕ್ಯಾಗಿಂದ ಬಂದಾವ, ಬಾಯಾರಿರ್ತಾವ" ಎನ್ನುತ್ತಿದ್ದರು. ನನ್ನ ತವರಿನಲ್ಲಿ ಇದಿರಲಿಲ್ಲ. ನನಗೆ ಒಳಗೊಳಗೇ ನಗು ಬರುತ್ತಿತ್ತು. ಆದರೆ ತೂತಿನ ಪಾತ್ರೆಗೆ ನೀರು ತುಂಬಿದರೆ ಅದು ಸುಡುಗಾಡಿನ ಗಡಿಗೆಯೇ ಆಯಿತೆಂಬುದು ಅವರ ಲೆಕ್ಕ.

ಕುಳ್ಳು, ಹತ್ತಿಕಟ್ಟಿಗೆ ಒಟ್ಟಿ, ಮೇಲೆ ಹುಲ್ಲು, ಬೂದಿ ಮುಚ್ಚಿ ಆವಿಗೆಗೆ ಬೆಂಕಿ ಕೊಟ್ಟೆವು. ಒಳಗೆ ಅರ್ಧ ಹರವಿ, ಅರ್ಧ ಕುಂಡ. ಹರವಿಗಳು ಗಂಡನ ಅಣ್ಣ, ಭಾವನವರು ಮಾಡಿದ್ದವು. ಅರ್ಧ ಜಾಗ ಹೋಯಿತೆಂದು ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ನನ್ನತ್ತ ಒಂದು ನೋಟ ಎಸೆದಳು. ಆ ನೋಟವನ್ನು ನಾನು ಸೆರಗಿನ ತುದಿಗೆ ಗಂಟು ಹಾಕಿಟ್ಟುಕೊಂಡೆ.

ಬಿಚ್ಚಿದಾಗ ಎಲ್ಲವೂ ಕೆಂಪಗೆ ಬೆಂದು ಬಂದಿದ್ದವು. ಬೆರಳಿಂದ ಬಡಿದರೆ ಕಂಚಿನ ಹಾಗೆ ಠಣ್ ಎನ್ನುತ್ತಿದ್ದವು. ಅತ್ತೆ ಹರವಿಗಳಿಗೆ ನೀರು ಕುಡಿಸತೊಡಗಿದರು. ನಾನು ಕುಂಡಗಳನ್ನು ಬುಟ್ಟಿಯಲ್ಲಿ ತುಂಬಿ ಹಿತ್ತಲ ಗೋಡೆಗೆ ಸಾಗಿಸುತ್ತಿದ್ದೆ. ಒಂದು ಸಲ ದನಕ್ಕೆ ನೀರಿಡುವ ಬಾನಿಯ ಹತ್ತಿರ ಬರುವಷ್ಟರಲ್ಲಿ ತಲೆಯ ಮೇಲೆ ಹೊಗೆ. ಬುಟ್ಟಿಯ ತಳದಲ್ಲಿ ಕೆಂಡ ಸಿಕ್ಕಿಕೊಂಡಿತ್ತು. ಹಿಂದೆಮುಂದೆ ನೋಡದೆ ಬುಟ್ಟಿಯನ್ನು ಕುಂಡಗಳ ಸಮೇತ ಬಾನಿಯ ನೀರಿನಲ್ಲಿ ಮುಳುಗಿಸಿದೆ. ನೋಡಿದ್ದು ಎಮ್ಮೆ ಮಾತ್ರ. ಅದು ಚಾಡಿ ಹೇಳುವ ಜಾತಿಯಲ್ಲ. ಸುಂಯ್ಗುಡುವುದು ನಿಂತ ಮೇಲೆ ಒಂದೊಂದಾಗಿ ಎತ್ತಿ, ಗೋಡೆಯ ಆಚೆ ತುದಿಗೆ, ಬಿಸಿಲಿಗೆ ಇಟ್ಟೆ. ಸಂಜೆಯೊಳಗೆ ಒಣಗಿದವು. ಅತ್ತೆಗೆ ಹೇಳಲಿಲ್ಲ, ಹೇಳುವ ಧೈರ್ಯ ಯಾರಿಗಿತ್ತು?

ಟೆಂಪೋ ಬರಲು ಇನ್ನೂ ಸಮಯವಿತ್ತು. ಒಂದು ಬೆಳಿಗ್ಗೆ ಅತ್ತೆ ಹಿತ್ತಲಿಂದ ಕೂಗಿದರು. ಒಂದು ಕುಂಡದ ಹೊಟ್ಟೆಯಿಂದ ನಾಣ್ಯದಷ್ಟು ಚೂರು ಎದ್ದು ಕೆಳಗೆ ಬಿದ್ದಿತ್ತು. ಮರುದಿನ ಇನ್ನಷ್ಟು. ಬಾಯಂಚು, ಹೊಟ್ಟೆ, ತಳ, ಎಲ್ಲೆಂದರಲ್ಲಿ ಯಾರೋ ಮೊಳೆಯಿಂದ ಕುಕ್ಕಿದ ಹಾಗೆ. ಹರವಿಗಳಿಗೆ ಏನೂ ಆಗಿರಲಿಲ್ಲ.

ಮೊದಲು ನೆರೆಮನೆಯ ಆಡಿನ ಮೇಲೆ ಗುಮಾನಿ ಹೋಯಿತು. ಆಮೇಲೆ ಓಣಿಯ ಹುಡುಗರ ಕವಣೆಯ ಮೇಲೆ. ನನ್ನ ಗುಮಾನಿ ಮಾತ್ರ ನೆಟ್ಟಗೆ ನೆಗೆಣ್ಣಿಯ ಮೇಲೆಯೇ ಹೋಗಿ ಕೂತಿತು. ಅವಳು ಹಿತ್ತಲಿಗೆ ಹೋದರೆ ನಾನೂ ಹೋಗುತ್ತಿದ್ದೆ. ನಾನು ಹೋದರೆ ಅವಳೂ ಬರುತ್ತಿದ್ದಳು. ಬಾವಿಗೆ ಇಬ್ಬರೂ ಕೂಡಿ ಹೋಗಿ, ಒಂದೂ ಮಾತಾಡದೆ ಕೂಡಿ ಬರುತ್ತಿದ್ದೆವು. ನೋಡಿದವರು ಎಂಥ ಹೊಂದಾಣಿಕೆ ಅಂದುಕೊಂಡಿರಬೇಕು.

ಅಷ್ಟರಲ್ಲಿ ಅತ್ತೆ ಇನ್ನೊಂದನ್ನು ಕಂಡುಹಿಡಿದರು. ಚೂರು ಎದ್ದ ಪ್ರತಿ ಗಾಯದ ನಡುವೆಯೂ ಒಂದು ಬಿಳಿ ಚುಕ್ಕೆ. ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿದರು, ಚುರ್ ಎಂದಿತು.

"ಸುಣ್ಣ" ಎಂದರು. "ಯಾರೋ ಸುಣ್ಣ ಹಚ್ಚಿ ಮಾಟ ಮಾಡ್ಯಾರ."

ಸವಣೂರ ಎಲೆಯ ರುಚಿಗೆ ಬಿದ್ದು, ಆ ಮನೆಯಲ್ಲಿ ಎಲೆಅಡಿಕೆ ಹಾಕುತ್ತಿದ್ದವಳು ನಾನೊಬ್ಬಳೇ. ಸುಣ್ಣದ ಡಬ್ಬಿ ನನ್ನ ಸಂಚಿಯಲ್ಲಿತ್ತು. ಗಡಿಬಿಡಿಯಲ್ಲಿ ಅದನ್ನು ಅಕ್ಕಿಯ ಗಡಿಗೆಯಲ್ಲಿ ಹೂತಿಟ್ಟೆ. ಸಂಜೆ ಅಕ್ಕಿ ತೆಗೆಯಲು ಹೋದ ಅತ್ತೆಯ ಕೈಗೆ ಅದೇ ಸಿಕ್ಕಿತು. ಡಬ್ಬಿಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನದಿಂದ ಅವರು ಕುಂಡಗಳ ಮುಂದೆಯೇ ಮಣೆ ಹಾಕಿಕೊಂಡು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದರು. ನಾನು ಕಸ ಗುಡಿಸುತ್ತ ಅವರ ಬೆನ್ನ ಹಿಂದೆ ಬಂದಿದ್ದೆ. ಟಿಕ್ ಎಂದು ಸಪ್ಪಳವಾಯಿತು. ಒಂದು ಚೂರು ನನ್ನ ಕಾಲ ಬಳಿ ಬಂದು ಬಿತ್ತು. ಅತ್ತೆ ತಿರುಗಿದರು. ಅಲ್ಲಿ ಇದ್ದವಳು ನಾನು, ನನ್ನ ಕೈಯಲ್ಲಿ ಕಸಬರಿಗೆ.

"ನಾ ಏನೂ ಮಾಡಿಲ್ರಿ ಅತ್ತಿ."

"ಏನರ ಮಾಡಿದಿ ಅಂತ ನಾ ಅಂದೆನೇನ?"

ಅಂದು ಮಧ್ಯಾಹ್ನ ಊಟಕ್ಕೆ ಕೂತ ಮಗನಿಗೆ ರೊಟ್ಟಿ ನೀಡುತ್ತ ಹೇಳಿದರು: "ಇನ್ನೊಂದು ಆವಿಗಿ ಹಾಕೂದ್ರಾಗ ಇಕೀನ ತಡಸಕ್ಕ ಬಿಟ್ಟು ಬಾ. ಇಕಿ ಇಲ್ಲದಾಗ ಏನಾಗತೈತಿ ನೋಡೂಣು." ಬಿಟ್ಟು ಬಾ ಅಂದರು, ಕರಕೊಂಡು ಬರುವ ಮಾತಿರಲಿಲ್ಲ. ಹಾಗೆ ಗಂಡನ ಮನೆಯಿಂದ ಬಂದು ತವರಲ್ಲೇ ಉಳಿದವರು ನಮ್ಮ ಓಣಿಯಲ್ಲೇ ಇದ್ದರು. ಗಂಡ ರೊಟ್ಟಿ ಮುರಿದರೇ ಹೊರತು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಆ ಮೌನಕ್ಕೆ ನನಗೆ ಬಂದ ಸಿಟ್ಟು ಅತ್ತೆಯ ಮಾತಿಗೂ ಬಂದಿರಲಿಲ್ಲ.

ಊಟವಾದ ಮೇಲೆ ಅತ್ತೆ ಎಲ್ಲರನ್ನೂ ಹಿತ್ತಲಿಗೆ ಕರೆದರು. ಗೋಡೆಯ ಆಚೆ ತುದಿ ತೋರಿಸಿದರು. ಅಲ್ಲಿಯ ಒಂದು ಗುಂಪು ಕುಂಡಗಳ ಮೇಲೆ ಒಂದು ಗೀರೂ ಇರಲಿಲ್ಲ.

"ಇವನ್ನ ಅಲ್ಲಿ ಇಟ್ಟಾಕಿ ಯಾರು?"

"ನಾನ ರೀ."

"ನೋಡಪಾ" ಎಂದರು ಮಗನಿಗೆ. "ತಾ ಇಟ್ಟದ್ದು ತನಗ ಗೊತ್ತೈತಿ. ಅವನ್ನ ಮುಟ್ಟಿಲ್ಲ."

ಬಾನಿಯಲ್ಲಿ ಮುಳುಗಿಸಿದ ಕುಂಡಗಳು ಅವು. ಆಗ ನನಗೆ ಹೊಳೆಯಿತು, ನೀರು ಕುಡಿದವು ಸಿಡಿದಿಲ್ಲ. ಸುಮ್ಮನಿದ್ದರೆ ಮಾಟಗಾತಿ. ಬಾಯಿಬಿಟ್ಟರೆ ತೂತಿನ ಪಾತ್ರೆಗೆ ನೀರು ಕುಡಿಸಿದವಳು. ಎರಡರಲ್ಲಿ ಯಾವುದಕ್ಕೂ ತಡಸದ ಬಸ್ಸೇ ಗತಿ. ಹೋಗುವುದಾದರೆ ಮಾಡಿದ್ದಕ್ಕೆ ಹೋಗೋಣ ಎನಿಸಿತು.

"ಅತ್ತಿ, ಅವು ಬಾನ್ಯಾಗಿನ ನೀರು ಕುಡದಾವ್ರಿ."

ನೆಗೆಣ್ಣಿ ಬಾಯಿಗೆ ಸೆರಗು ಹಿಡಿದಳು.

"ಬಿದ್ದುವೋ, ಹಾಕಿದಿಯೋ?" ಅತ್ತೆ ಕೇಳಿದರು.

"ಬುಟ್ಟಿಗೆ ಕಿಚ್ಚು ಹತ್ತಿತ್ರಿ. ಹಾಕಿದೆ."

ಅತ್ತೆ ನನ್ನ ಮುಖವನ್ನೇ ನೋಡುತ್ತ ನಿಂತರು. ಗಂಡ ಮಾತ್ರ ಮಣ್ಣಿನ ಗುಂಪೆಯ ಹತ್ತಿರ ಹೋಗಿ ಹಿಡಿಯಷ್ಟು ಮಣ್ಣು ತಂದರು. ಅದರಲ್ಲಿ ಸಾಸಿವೆಯಷ್ಟು ಬಿಳಿ ಹರಳುಗಳಿದ್ದವು. ಈ ಕಡೆಯ ಕರಿಮಣ್ಣಿನಲ್ಲಿ ಯಾವಾಗಲೂ ಇದ್ದಂಥವೇ, ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ನನ್ನ ತವರಿನ ಕೆಂಪು ಮಣ್ಣಿನಲ್ಲಿ ಅವು ಇರಲಿಲ್ಲ.

"ಈ ಹರಳು ಸುಟ್ಟರ ಸುಣ್ಣ ಆಗತಾವ ಬೇ" ಎಂದರು ನಿಧಾನವಾಗಿ. "ಆಮ್ಯಾಲ ಗಾಳ್ಯಾಗಿನ ತಂಪು ಹೀರಿ ಉಬ್ಬತಾವ, ಮ್ಯಾಲಿನ ಮಣ್ಣು ಸಿಡದು ಬೀಳತೈತಿ. ಬೆಚ್ಚಗಿದ್ದಾಗ ಹೊಟ್ಟಿತುಂಬ ನೀರು ಕುಡದರ ಅಲ್ಲೇ ಕರಗಿ ತಣ್ಣಗಾಗತಾವ. ಹರವಿಗೆ ಕುಡಿಸಿದಿ, ಸಿಡೀಲಿಲ್ಲ. ಇವಕ್ಕ ಬ್ಯಾಡ ಅಂದಿ."

ಅತ್ತೆ ಒಳಗೆ ಹೋದರು.

ಮುಂದಿನ ಆವಿಗೆಯವರೆಗೆ ಆ ಮನೆಯಲ್ಲಿ ನಾನು ಉಸಿರು ಬಿಗಿಹಿಡಿದು ಬದುಕಿದೆ. ತಡಸದ ಮಾತನ್ನು ಅತ್ತೆ ಮತ್ತೆ ಎತ್ತಲಿಲ್ಲ, ಇರು ಎಂದೂ ಹೇಳಲಿಲ್ಲ. ಸುಣ್ಣದ ಡಬ್ಬಿ ಅವರ ಸೊಂಟದಲ್ಲೇ ಇತ್ತು. ನಾನು ಸೀರೆಗಳನ್ನು ಮಡಿಚಿ ಟ್ರಂಕಿನಲ್ಲಿ ಹಾಕಿಟ್ಟಿದ್ದೆ. ಕುಂಡಗಳಿಗೆ ಈ ಸಲವೂ ನೀರಿಲ್ಲವೆಂದರೆ ಅವು ಮತ್ತೆ ಸಿಡಿಯುತ್ತವೆ, ಸಿಡಿದರೆ ಆ ಗೂಬೆ ನನ್ನ ತಲೆಯ ಮೇಲೆಯೇ ಕೂರುತ್ತದೆ ಎಂಬುದರಲ್ಲಿ ಅನುಮಾನವಿರಲಿಲ್ಲ.

ಆವಿಗೆ ಬಿಚ್ಚಿದ ದಿನ ಅತ್ತೆ ಹರವಿಗಳಿಗೆಲ್ಲ ನೀರು ಕುಡಿಸಿದರು. ಆಮೇಲೆ ಕುಂಡಗಳ ಮುಂದೆ ಬಹಳ ಹೊತ್ತು ನಿಂತರು. ಕೊನೆಗೆ ಮಣ್ಣಿನ ಗುಂಪೆಯಿಂದ ಒಂದು ಮುದ್ದೆ ಹಸಿಮಣ್ಣು ತಂದು ಕೂತರು. ಬೆಚ್ಚಗಿನ ಒಂದು ಕುಂಡ ಎತ್ತಿ, ಅದರ ತೂತಿಗೆ ಮಣ್ಣು ತುರುಕಿ, ಹೆಬ್ಬೆರಳಿನಿಂದ ತೀಡಿ ಮುಚ್ಚಿದರು.

"ಈಗ ತೂತಿಲ್ಲ" ಎಂದರು, ಯಾರಿಗೆ ಎಂಬುದಿಲ್ಲದೆ. ಆಮೇಲೆ ನನಗೆ, "ನಿಂತಿದಿ ಯಾಕ? ಕೊಡ ತಗೊಂಡು ಬಾ."

ನಾನು ಕೊಡ ತಂದು ನೀರು ಸುರಿಯತೊಡಗಿದೆ. ಕುಂಡ ಸುಂಯ್ ಎಂದಿತು. ಅರ್ಧ ತುಂಬುವಷ್ಟರಲ್ಲಿ ಮುಚ್ಚಿದ ಮಣ್ಣು ಸಡಿಲಾಗಿ, ತಳದಿಂದ ನೀರಿನ ಎಳೆಯೊಂದು ಕೆಳಗಿಳಿಯಿತು. ಸುಡುಗಾಡಿನ ಗಡಿಗೆಯದೇ ನೀರು. ನಾನು ಗಪ್ಪನೆ ಕೊಡ ಎತ್ತಿಬಿಟ್ಟೆ. ನೆಗೆಣ್ಣಿ, ಗಂಡ, ಎಲ್ಲರೂ ಅತ್ತೆಯನ್ನೇ ನೋಡುತ್ತಿದ್ದರು.

ಅತ್ತೆ ಕುಂಡದ ತಳಕ್ಕೆ ತಮ್ಮ ಅಂಗೈ ಒತ್ತಿ ಹಿಡಿದರು.

"ನಾ ಹಿಡದೇನಿ" ಎಂದರು. "ನೀ ಹಾಕು."

ನೀರು ಅವರ ಬೆರಳ ಸಂದಿಯಿಂದ ಇಳಿದು, ಬಳೆಗಳನ್ನು ತೋಯಿಸಿ, ಮೊಳಕೈವರೆಗೆ ಹರಿಯುತ್ತಿತ್ತು. ಕುಂಡ ತುಂಬುವವರೆಗೆ ನಾನು ಹಾಕುತ್ತಲೇ ಇದ್ದೆ, ಅವರು ಕೈ ತೆಗೆಯಲಿಲ್ಲ.