ಹದಿನೇಳನೇ ಸೀಸನ್

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಎದುರು ಸೈಬರ್ ಸೆಂಟರ್ ಇಟ್ಟುಕೊಂಡಿರುವ ಪದ್ಮರಾಜಣ್ಣನಿಗೆ ಗಿರಾಕಿಗಳಿಗಿಂತ ಸ್ವಂತ ಹಾಕಿ ತಂಡದ ಚಿಂತೆಯೇ ಹೆಚ್ಚು. ತಂಡ ಇರುವುದು ಕಂಪ್ಯೂಟರಿನೊಳಗೆ. ಆಡುವುದೂ ಕಂಪ್ಯೂಟರೇ, ಸೋಲುವುದು ಮಾತ್ರ ಇವರು. ಅದೇ ಕಂಪ್ಯೂಟರಿನಲ್ಲಿ ನಡೆಯುವ ಲೀಗಿನ ಉಳಿದ ಏಳು ತಂಡಗಳು ಕಾಲೇಜು ಹುಡುಗರವು. ಜೈನರಾದ ಪದ್ಮರಾಜಣ್ಣ ಹೊತ್ತು ಮುಳುಗುವ ಮೊದಲೇ ಉಣ್ಣುವವರು. ಟಿಫಿನ್ ಬಿಚ್ಚುವಾಗ ಪರದೆಯ ಕಡೆ ತಿರುಗಿ, "ನಿಮ್ಮದೆಲ್ಲ ಊಟ ಆಯ್ತಾ?" ಎಂದು ಆಟಗಾರರನ್ನು ವಿಚಾರಿಸದೆ ಪಂದ್ಯ ಶುರುಮಾಡುವುದಿಲ್ಲ. ಸೀಸನ್ ಮುಗಿದಾಗ ವಿಮರ್ಶೆ ಟೈಪ್ ಮಾಡಿ ಗಾಜಿನ ಬಾಗಿಲಿಗೆ ಅಂಟಿಸುತ್ತಾರೆ: ಫಾರ್ವರ್ಡ್‌ಗಳು ಸೋಮಾರಿಗಳು, ಡಿಫೆನ್ಸ್ ತೂತು ಕೊಡೆ, ಗೋಲ್‌ಕೀಪರ್ ಸನತ್ ಮುಂದಿನ ಸಲ ಖಂಡಿತ ಸುಧಾರಿಸುತ್ತಾನೆ. ಸನತ್‌ನಷ್ಟು ಗೋಲು ಬಿಟ್ಟವರು ಲೀಗಿನಲ್ಲೇ ಇಲ್ಲ. ಆದರೂ ಹದಿನೇಳು ಸೀಸನ್‌ಗಳಲ್ಲಿ ಅವನನ್ನು ಬದಲಿಸಿಲ್ಲ. ಈ ಸಲದ ವಿಮರ್ಶೆಯಲ್ಲಿ 'ಮುಂದಿನ ಸೀಸನ್' ಎಂಬ ತಲೆಬರಹದ ಕೆಳಗೆ ಏನೂ ಇಲ್ಲ. "ಹೊಸ ಸೀಸನ್ ಒತ್ತಿ ಮಾರಾಯ್ರೆ" ಎಂದು ಹುಡುಗರು ಪೀಡಿಸಿದರೆ, "ಒತ್ತುವ, ಎಂತ ಅರ್ಜೆಂಟ್ ಉಂಟು?" ಎನ್ನುತ್ತಾರೆ. ಆ ಬಟನ್ ಒತ್ತಿದರೆ ಆಟಗಾರರಿಗೆಲ್ಲ ಒಂದು ವರ್ಷ ಹೆಚ್ಚುತ್ತದೆ. ಮೂವತ್ತಾರು ತುಂಬಿದವರನ್ನು ಕಂಪ್ಯೂಟರ್ ನಿವೃತ್ತಿ ಮಾಡಿಸಿ ಅಳಿಸಿಬಿಡುತ್ತದೆ. ಸನತ್‌ಗೆ ಈಗ ಮೂವತ್ತೈದು. ತಂಡಕ್ಕೆ ಸೇರಿಸಿದ ದಿನ ಪದ್ಮರಾಜಣ್ಣ ಅವನಿಗೆ ಕೊಟ್ಟ ವಯಸ್ಸು ಹತ್ತೊಂಬತ್ತು. ಕಾಲೇಜಿನ ಹಾಕಿ ಪಂದ್ಯಕ್ಕೆ ಹೊರಟ ಜೀಪು ಮಗುಚಿ ತೀರಿಕೊಂಡಾಗ ಅವರ ತಮ್ಮ ಸನತ್‌ಗೂ ಅಷ್ಟೇ ಆಗಿತ್ತು. ಲೀಗು ನಿಂತು ನಾಲ್ಕು ತಿಂಗಳಾಯಿತು. ಪಂದ್ಯವಿಲ್ಲದಿದ್ದರೂ ಸಂಜೆ ಟಿಫಿನ್ ಬಿಚ್ಚುವಾಗ ಪದ್ಮರಾಜಣ್ಣ ಪರದೆಯ ಕಡೆ ತಿರುಗುತ್ತಾರೆ. ಈಗ ಒಬ್ಬನನ್ನೇ ಕೇಳುತ್ತಾರೆ: "ನಿನ್ನದು ಊಟ ಆಯ್ತಾ?"